ಮೂರು ಚುಕ್ಕಿ ನುಂಗಿದ ಟಿಕೆಟ್

ರಾತ್ರಿ ಒಂಬತ್ತೂಮುಕ್ಕಾಲಿಗೆ ಅಮ್ಮನ ಫೋನ್ ಬಂತು. ಆ ಹೊತ್ತಿಗೆ ಅವಳು ಸಾಗರದಲ್ಲಿ ಬಸ್ಸು ಹತ್ತಿ, ಶಾಲು ಹೊದ್ದು, ಕಿಟಕಿ ಪಕ್ಕ ಕೂತಿರಬೇಕಿತ್ತು.

"ಪುಟ್ಟಿ, ಕಂಡಕ್ಟರು ನನ್ನ ಹೆಸರೇ ಇಲ್ಲ ಅಂತಾರಲ್ಲೇ. ಸೀಟು ಬುಕ್ ಆಗಿತ್ತಲ್ಲ, ಎಂತ ಆಯ್ತು?"

ಹಿಂದಿನಿಂದ ಎಂಜಿನ್ ಸದ್ದು. ಕಂಡಕ್ಟರ್ ಫೋನ್ ಇಸಕೊಂಡರು. "ಮೇಡಂ, ಈ ಸೀಟು ಸಾಯಂಕಾಲನೇ ಕ್ಯಾನ್ಸಲ್ ಆಗಿದೆ. ಬೇರೆಯವರು ತಗೊಂಡಿದ್ದಾರೆ. ಗಾಡಿ ಫುಲ್ ಇದೆ, ನಾನೇನು ಮಾಡ್ಲಿ ಹೇಳಿ?"

ಅಮ್ಮನಿಗೆ ಅರವತ್ತೆಂಟು. ಮೊಮ್ಮಗಳ ಹುಟ್ಟುಹಬ್ಬಕ್ಕೆ ಅಂತ ಹೊರಟಿದ್ದಳು. ಒಂದು ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು, ಇನ್ನೊಂದರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ತುಂಬಿದ ಚೀಲ. ಪಕ್ಕದ ಮನೆ ಹುಡುಗ ಬೈಕಿನಲ್ಲಿ ಬಂದು ಅವಳನ್ನು ವಾಪಸ್ ಕರಕೊಂಡು ಹೋಗುವವರೆಗೆ ಅರ್ಧ ಗಂಟೆ ಬಸ್ ಸ್ಟ್ಯಾಂಡಿನಲ್ಲಿ ನಿಂತೇ ಇದ್ದಳು.

ನಾನು ಆ ರಾತ್ರಿ ಮಾಡಿದ್ದು ಅವಳ ಮೇಲೆ ರೇಗಿದ್ದು. "ಏನೋ ಒತ್ತಿರ್ತೀಯ ನೀನು. ಗೊತ್ತಿಲ್ಲದೇ ಇದ್ರೆ ಮುಟ್ಬೇಡ ಅಂತ ಎಷ್ಟು ಸಲ ಹೇಳಿಲ್ಲ?"

"ನಾ ಎಂತದೂ ಮಾಡ್ಲಿಲ್ಲ ಮಾರಾಯ್ತಿ. ಬಸ್ಸು ಎಷ್ಟೊತ್ತಿಗೆ ಅಂತ ನೋಡಿದ್ದು ಅಷ್ಟೆ" ಅಂದಳು. ಆಮೇಲೆ ಸುಮ್ಮನಾದಳು. ಆ ಸುಮ್ಮನಾಗಿದ್ದು ನನಗೆ ಇವತ್ತಿಗೂ ಚುಚ್ಚುತ್ತದೆ. ಯಾಕೆಂದರೆ ಆಕೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಮತ್ತೆ, ಅದು ನಿಜ ಅಂತ ಮೊದಲು ಊಹಿಸಬೇಕಾದವಳು ನಾನೇ. ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿ ನಾನು ಮಾಡುತ್ತಿರುವುದು ಮೊಬೈಲ್ ಆ್ಯಪ್ ಕಟ್ಟುವ ಕೆಲಸ. ಪರದೆಯ ಮೇಲೆ ಯಾವ ಬಟನ್ ಎಲ್ಲಿ ಕೂರಬೇಕು, ಎಷ್ಟು ಅಗಲ, ಯಾವ ಬಣ್ಣ ಅನ್ನುವುದೇ ನನ್ನ ದಿನದ ಅನ್ನ.

ಅಮ್ಮನ ಪರದೆ, ನನ್ನ ಪರದೆ

ಮುಂದಿನ ಶನಿವಾರ ಊರಿಗೆ ಹೋದೆ. ಅಮ್ಮನನ್ನು ಜೊತೆಗೇ ಕರಕೊಂಡು ಬರೋಣ ಅಂತ ಅವಳ ಫೋನಿನಿಂದಲೇ ಇಬ್ಬರಿಗೂ ಟಿಕೆಟ್ ತೆಗೆದೆ. ಟಿಕೆಟ್ ಬಂದ ಮೇಲೆ ಆ ಪುಟ ತೆರೆದು ನೋಡಿದವಳು ಹಾಗೇ ಕೂತುಬಿಟ್ಟೆ.

ಅಮ್ಮನಿಗೆ ಓದಲು ಸುಲಭವಾಗಲಿ ಅಂತ ಅವಳ ಫೋನಿನ ಅಕ್ಷರವನ್ನು ಅತಿ ದೊಡ್ಡದಾಗಿ ಇಟ್ಟುಕೊಟ್ಟಿದ್ದು ನಾನೇ. ಭಾಷೆ ಕನ್ನಡ ಮಾಡಿದ್ದೂ ನಾನೇ. ಆ ಪುಟದ ಕೆಳಗೆ ಅಕ್ಕಪಕ್ಕ ಎರಡು ಬಟನ್. ಒಂದರ ಮೇಲೆ 'ಟಿಕೆಟ್…' ಅಂತಿತ್ತು. ಇನ್ನೊಂದರ ಮೇಲೂ 'ಟಿಕೆಟ್…' ಅಂತಲೇ ಇತ್ತು.

ನನ್ನ ಫೋನಿನಲ್ಲಿ ಅದೇ ಆ್ಯಪ್ ತೆರೆದು ನೋಡಿದೆ. ಸಣ್ಣ ಅಕ್ಷರ, ಎಲ್ಲ ಅಚ್ಚುಕಟ್ಟು. ಮೊದಲ ಬಟನ್ 'ಟಿಕೆಟ್ ವಿವರ ನೋಡಿ'. ಎರಡನೆಯದು 'ಟಿಕೆಟ್ ರದ್ದುಗೊಳಿಸಿ'.

ಅಮ್ಮನ ಫೋನಿನಲ್ಲಿ ಎರಡನೆಯದನ್ನು ಒತ್ತಿದೆ. ಒಂದು ಪೆಟ್ಟಿಗೆ ತೆರೆಯಿತು. ತಲೆಬರಹ: 'ನಿಮ್ಮ ಟಿಕೆಟ್ ಅನ್ನು…'. ಅದರ ಕೆಳಗೆ ಕಡು ನೀಲಿ ಹಿನ್ನೆಲೆಯಲ್ಲಿ ಬೆಳ್ಳಗೆ 'ಹೌದು'. ಪಕ್ಕದಲ್ಲಿ ಬಿಳಿ ಹಿನ್ನೆಲೆಯಲ್ಲಿ, ಹುಡುಕಿದರೆ ಮಾತ್ರ ಕಾಣುವಂತೆ ಮಸುಕು ಬೂದು ಬಣ್ಣದ 'ಬೇಡ'. ಬಸ್ಸಿನ ಹೊತ್ತು ನೋಡಲು ಹೊರಟ ಯಾರೇ ಆದರೂ ಏನನ್ನು ಒತ್ತುತ್ತಾರೆ? ಎದ್ದು ಕಾಣುವುದನ್ನೇ. ಅಮ್ಮನೂ ಅದನ್ನೇ ಒತ್ತಿದ್ದಳು. ರದ್ದಾಯಿತು ಅಂತ ಬಂದ ಮೆಸೇಜು ಇಂಗ್ಲಿಷಿನಲ್ಲಿತ್ತು.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅದೇ ಬಟನ್ ಇಂಗ್ಲಿಷಿನಲ್ಲಿ 'ಕ್ಯಾನ್ಸಲ್ ಟಿಕೆಟ್' ಎಂದಿರುತ್ತದೆ. ಜಾಗ ಸಾಲದೆ ಕತ್ತರಿಸಿದರೂ 'ಕ್ಯಾನ್ಸಲ್…' ಅನ್ನುವುದು ಉಳಿಯುತ್ತದೆ. ಓದಿದವರು ಎಚ್ಚರಾಗುತ್ತಾರೆ. ಕನ್ನಡದಲ್ಲಿ ಹಾಗಲ್ಲ, ನಮ್ಮ ಕ್ರಿಯಾಪದ ಕೂರುವುದು ಕೊನೆಯಲ್ಲಿ. ನೋಡುವುದೋ, ರದ್ದು ಮಾಡುವುದೋ, ಬೇಕೋ, ಬೇಡವೋ ಎಲ್ಲ ತೀರ್ಮಾನವಾಗುವುದು ವಾಕ್ಯದ ಬಾಲದಲ್ಲಿ. ಆ್ಯಪ್‌ಗಳು ಕತ್ತರಿಸುವುದು ಆ ಬಾಲವನ್ನೇ. ಇಂಗ್ಲಿಷಿಗೆ ಮೂರು ಚುಕ್ಕಿ ಅಂದರೆ ಸಣ್ಣ ಅಂದಗೇಡು. ಕನ್ನಡಕ್ಕೆ ಅದು ಅರ್ಥವೇ ಹೋದ ಹಾಗೆ.

ಎಲೆಯ ಮೇಲೆ ಬಡಿಸಿದ ಹಾಗೆ

ಪರದೆ ಜೋಡಿಸುವ ಕೆಲಸಕ್ಕೆ ನಮ್ಮ ಕಡೆ ಲೇಔಟ್ ಅಂತಾರೆ. ಹೊಸಬರಿಗೆ ಹೇಳಿಕೊಡುವಾಗ ನಾನು ಬಾಳೆಎಲೆಯ ಉದಾಹರಣೆ ಕೊಡುತ್ತೇನೆ. ಎಲೆಯ ತುದಿ ಎಡಕ್ಕೆ. ಎಡಗಡೆ ಮೇಲೆ ಉಪ್ಪು, ಪಕ್ಕದಲ್ಲಿ ಉಪ್ಪಿನಕಾಯಿ, ಆಮೇಲೆ ಕೋಸಂಬರಿ, ಪಲ್ಯ. ಕೆಳಗೆ ನಡುವೆ ಅನ್ನ. ಮನೆಯಿಂದ ಮನೆಗೆ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು, ಆದರೂ ಉಣ್ಣುವವರ ಕೈಗೆ ಯಾವುದು ಎಲ್ಲಿ ಅಂತ ಗೊತ್ತಿರುತ್ತದೆ. ಅನ್ನದ ಸುತ್ತ ಖಾಲಿ ಜಾಗ ಬಿಡುವುದೂ ಸುಮ್ಮನೆ ಅಲ್ಲ. ಸಾರು ಹಾಕಿದಾಗ ಅದು ಹರಿದು ಪಾಯಸಕ್ಕೆ ಸೇರಬಾರದು.

ಆ್ಯಪ್‌ನ ಪರದೆಯೂ ಹೀಗೇ. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಇನ್ನೊಂದು ಪೆಟ್ಟಿಗೆ. ಅಡ್ಡಕ್ಕೆ ಜೋಡಿಸಿದರೆ ರೋ, ಉದ್ದಕ್ಕೆ ಜೋಡಿಸಿದರೆ ಕಾಲಂ. ಪೆಟ್ಟಿಗೆಯ ಅಂಚಿಗೂ ಒಳಗಿನ ಅಕ್ಷರಕ್ಕೂ ನಡುವೆ ಬಿಡುವ ಜಾಗ ಪ್ಯಾಡಿಂಗ್. ಒಂದು ಪೆಟ್ಟಿಗೆಗೂ ಇನ್ನೊಂದಕ್ಕೂ ನಡುವಿನದು ಮಾರ್ಜಿನ್. 2015ರಲ್ಲಿ ಬಂದ ರಿಯಾಕ್ಟ್ ನೇಟಿವ್ ಆಗಲಿ, 2018ರ ಕೊನೆಯಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಫ್ಲಟರ್ ಆಗಲಿ, ಹೆಸರು ಬೇರೆಯಾದರೂ ಬಡಿಸುವ ಪದ್ಧತಿ ಹೆಚ್ಚುಕಡಿಮೆ ಒಂದೇ.

ಬಟನ್ ಎಷ್ಟು ದೊಡ್ಡದಿರಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಆಂಡ್ರಾಯ್ಡ್‌ನಲ್ಲಿ ಬೆರಳು ಮುಟ್ಟುವ ಜಾಗ ಕನಿಷ್ಠ 48 ಡಿಪಿ ಉದ್ದ, 48 ಡಿಪಿ ಅಗಲ ಇರಬೇಕು, ಎರಡು ಬಟನ್‌ಗಳ ನಡುವೆ 8 ಡಿಪಿಯಾದರೂ ಅಂತರ ಬೇಕು ಅನ್ನುತ್ತದೆ ಗೂಗಲ್‌ನ ಮಾರ್ಗಸೂಚಿ. ಡಿಪಿ ಅಂದರೆ ವಾಟ್ಸ್‌ಆ್ಯಪ್ ಡಿಪಿ ಅಲ್ಲ, ಅದು ಪರದೆಯ ಅಳತೆ. 48 ಡಿಪಿ ಅಂದರೆ ಸುಮಾರು 9 ಮಿಲಿಮೀಟರ್, ಬೆರಳಿನ ತುದಿ ಊರುವಷ್ಟು ಜಾಗ. ಐಫೋನ್‌ಗೆ ಆ್ಯಪಲ್ ಹೇಳುವುದು 44 ಪಾಯಿಂಟ್. ಈ ಲೆಕ್ಕ ನಮ್ಮ ವೃತ್ತಿಯವರಿಗೆಲ್ಲ ಬಾಯಿಪಾಠ. ಎಡವುವುದು ಇದಾದ ಮೇಲೆ.

ಒಳಗೆ ಬಟ್ಟೆ ಬಿಡದ ದರ್ಜಿ

ನಮ್ಮೂರಲ್ಲಿ ಬ್ಲೌಸ್ ಹೊಲಿಯುತ್ತಿದ್ದ ಅಕ್ಕ ಒಬ್ಬರಿದ್ದರು. ಎಂಥ ಅಳತೆ ಕೊಟ್ಟರೂ ಪಕ್ಕದ ಹೊಲಿಗೆಯೊಳಗೆ ಒಂದಿಷ್ಟು ಬಟ್ಟೆ ಬಿಟ್ಟೇ ಹೊಲಿಯುತ್ತಿದ್ದರು. "ನಾಳೆ ಮೈ ಬಂದ್ರೆ ಬಿಚ್ಕೊಳ್ಬಹುದಲ್ಲ" ಅನ್ನುತ್ತಿದ್ದರು. ಆ್ಯಪ್ ಹೊಲಿಯುವ ನಾವು ಬಹಳ ಸಲ ಆ ಬಟ್ಟೆ ಬಿಡುವುದಿಲ್ಲ.

ವಿನ್ಯಾಸ ಮಾಡುವವರು ಚಿತ್ರ ಬಿಡಿಸುವುದು ಇಂಗ್ಲಿಷಿನಲ್ಲಿ. 'ಪೇ', 'ಸೆಂಡ್', 'ಡನ್'. ಮೂರ್ನಾಲ್ಕು ಅಕ್ಷರದ ಮಾತುಗಳು. ಅವಕ್ಕೆ ಅಗಲ 120, ಎತ್ತರ 40 ಅಂತ ಬರೆದರೆ ಚಂದ ಕೂರುತ್ತವೆ. ಆಮೇಲೆ ಯಾರೋ ಅನುವಾದ ಮಾಡಿ 'ಪಾವತಿಸಿ', 'ಕಳುಹಿಸಿ', 'ಪೂರ್ಣಗೊಂಡಿದೆ' ಅಂತ ಅದೇ ಪೆಟ್ಟಿಗೆಗೆ ತುರುಕುತ್ತಾರೆ. ಅನುವಾದ ಮಾಡಿದವರಿಗೆ ಪೆಟ್ಟಿಗೆ ಕಾಣುವುದಿಲ್ಲ, ಪೆಟ್ಟಿಗೆ ಮಾಡಿದವರಿಗೆ ಎಷ್ಟೋ ಸಲ ಕನ್ನಡ ಬರುವುದಿಲ್ಲ.

ಅದರ ಮೇಲೆ ಅಕ್ಷರದ ಗಾತ್ರ. ಆಂಡ್ರಾಯ್ಡ್‌ನಲ್ಲಿ ಅಕ್ಷರಕ್ಕೆ ಎಸ್‌ಪಿ ಅನ್ನುವ ಬೇರೆ ಅಳತೆ ಇದೆ. ಬಳಸುವವರು ಸೆಟ್ಟಿಂಗ್ಸ್‌ನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಎಸ್‌ಪಿಯಲ್ಲಿ ಬರೆದದ್ದು ದೊಡ್ಡದಾಗುತ್ತದೆ. ಡಿಪಿಯಲ್ಲಿ ಬರೆದ ಪೆಟ್ಟಿಗೆ ಮಾತ್ರ ಇದ್ದಷ್ಟೇ ಇರುತ್ತದೆ. ಮಗು ಬೆಳೆಯಿತು, ಅಂಗಿ ಬೆಳೆಯಲಿಲ್ಲ. 2023ರಲ್ಲಿ ಬಂದ ಆಂಡ್ರಾಯ್ಡ್ 14ರಿಂದ ಅಕ್ಷರವನ್ನು ಶೇ 200ರವರೆಗೆ, ಅಂದರೆ ಎರಡು ಪಟ್ಟು ದೊಡ್ಡದು ಮಾಡಬಹುದು. ಐಫೋನಿನಲ್ಲೂ 2013ರಿಂದಲೇ ಬಳಸುವವರ ಆಯ್ಕೆಯಂತೆ ಆ್ಯಪ್‌ಗಳ ಅಕ್ಷರ ಹಿಗ್ಗುವ ಏರ್ಪಾಡಿದೆ. ಫೋನ್ ಮಾಡುವವರು ಅಷ್ಟು ಅನುಕೂಲ ಕೊಟ್ಟಿದ್ದಾರೆ. ಅದನ್ನು ಕೆಡಿಸುವುದು ಪೆಟ್ಟಿಗೆಗೆ ಬೀಗ ಹಾಕುವ ನಾವು.

ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುವುದು ಕಾಯಿಲೆಯಲ್ಲ, ವಯಸ್ಸು. ಅದಕ್ಕೇ ಅಲ್ಲವೇ ಓದುವ ಕನ್ನಡಕಕ್ಕೆ ನಮ್ಮ ಹಿರಿಯರು ಚಾಳೀಸು ಅಂತ ಹೆಸರಿಟ್ಟಿದ್ದು? ನಲವತ್ತು ಅನ್ನುವ ಅಂಕಿಯೇ ಕನ್ನಡಕದ ಹೆಸರಾಯಿತು. ಆದರೆ ಆ್ಯಪ್ ಮಾಡುವ ಕೋಣೆಯಲ್ಲಿ ಕೂತವರ ಪೈಕಿ ಚಾಳೀಸು ಬಂದವರು ಕಡಿಮೆ.

ಕತ್ತೆ ಕತೆಯಾದಾಗ

ಅಗಲದ್ದು ಒಂದು ಪಾಡಾದರೆ ಎತ್ತರದ್ದು ಇನ್ನೊಂದು. ಇಂಗ್ಲಿಷ್ ಅಕ್ಷರಗಳು ಹೆಚ್ಚಾಗಿ ಒಂದು ಗೆರೆಯ ಮೇಲೆ ಕೂರುತ್ತವೆ, ಕೆಲವಕ್ಕೆ ಮಾತ್ರ ಬಾಲ ಕೆಳಗಿಳಿಯುತ್ತದೆ. ಕನ್ನಡಕ್ಕೆ ಮೇಲೂ ಜಾಗ ಬೇಕು, ಕೆಳಗೂ ಬೇಕು. ಮೇಲೆ ತಲೆಕಟ್ಟು, ಗುಡಿಸು. ಕೆಳಗೆ ಒತ್ತಕ್ಷರ. 'ರಾಷ್ಟ್ರ' ಅಂತ ಬರೆದು ನೋಡಿ, ಒಂದು ಒತ್ತಲ್ಲ, ಎರಡೆರಡು.

ಎತ್ತರ 40 ಅಂತ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಅಕ್ಷರ ದೊಡ್ಡದಾದಾಗ ಮೊದಲು ಕತ್ತರಿ ಬೀಳುವುದು ಈ ಒತ್ತಿಗೆ. 'ಮೊತ್ತ' ಹೋಗಿ 'ಮೊತ' ಆಗುತ್ತದೆ. 'ಹಳ್ಳಿ' ರೈಲಿನ 'ಹಳಿ'ಯಾಗುತ್ತದೆ. 'ಕತ್ತೆ' ಓದಿದರೆ 'ಕತೆ'. ನಗು ಬರುತ್ತದೆ ನಿಜ. ಆದರೆ ಶಾಲೆ ಆ್ಯಪ್‌ನಲ್ಲಿ ಓದಲು ಕಲಿಯುತ್ತಿರುವ ಮಗುವಿಗೆ ಅದೇ ಪಾಠ. ದಿನಾ ಅರ್ಧ ಕಾಣುವ ಒತ್ತನ್ನು ನೋಡಿದ ಕಣ್ಣಿಗೆ ಆಮೇಲೆ ಅದು ತಪ್ಪು ಅಂತಲೂ ಅನ್ನಿಸುವುದಿಲ್ಲ.

ಇದು ಇವತ್ತಿನ ಸಮಸ್ಯೆಯೂ ಅಲ್ಲ. ಮೊಬೈಲಿನಲ್ಲಿ ಕನ್ನಡ ಕಾಣುತ್ತಿರಲಿಲ್ಲ, ಅಕ್ಷರದ ಬದಲು ಖಾಲಿ ಚೌಕಗಳು ಬರುತ್ತಿದ್ದವು ಅನ್ನುವುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆಂಡ್ರಾಯ್ಡ್‌ಗೆ ಕನ್ನಡ, ತೆಲುಗು, ಮಲಯಾಳಂ ಅಕ್ಷರಗಳ ಬೆಂಬಲ ಸೇರಿದ್ದು 2012ರ 4.1 ಆವೃತ್ತಿಯಲ್ಲಿ. ಆ ಖಾಲಿ ಚೌಕಗಳಿಗೆ ತಂತ್ರಜ್ಞರು 'ತೋಫು' ಅಂತ ಹೆಸರಿಟ್ಟಿದ್ದರು. ತೋಫು ಕಾಣಬಾರದು, 'ನೋ ತೋಫು' ಅನ್ನುವುದರಿಂದಲೇ ಗೂಗಲ್‌ನ 'ನೋಟೋ' ಫಾಂಟ್‌ಗಳಿಗೆ ಆ ಹೆಸರು ಬಂತು. ಕನ್ನಡದ ನೋಟೋ ಫಾಂಟ್ ಕೂಡ ಆ ಬಳಗದ್ದೇ.

ಅಕ್ಷರವೇನೋ ಬಂತು, ಅದಕ್ಕೆ ಬೇಕಾದ ಎತ್ತರ ಬರಲು ಇನ್ನೂ ಕಾಲ ಹಿಡಿಯಿತು. ಎತ್ತರ ಹೆಚ್ಚು ಬೇಡುವ ಲಿಪಿಗಳನ್ನು ಸ್ವಲ್ಪ ಕುಗ್ಗಿಸಿ, ಒತ್ತಿ ಕೂರಿಸುವುದೇ ಆಂಡ್ರಾಯ್ಡ್‌ನ ರೂಢಿಯಾಗಿತ್ತು. 2024ರ ಆಂಡ್ರಾಯ್ಡ್ 15ಕ್ಕೆಂದು ಸಿದ್ಧಪಡಿಸಿದ ಆ್ಯಪ್‌ಗಳಲ್ಲಿ ಈ ರೂಢಿ ತಿರುಗಿತು. ಕನ್ನಡ, ತಮಿಳು, ತೆಲುಗು, ಮಲಯಾಳಂ, ಒಡಿಯಾ, ಗುಜರಾತಿ, ಅರೇಬಿಕ್, ಥಾಯ್ ಮುಂತಾದ ಲಿಪಿಗಳಿಗೆ ಸರಿಯಾದ ಎತ್ತರ ಕೊಡುವುದೇ ಈಗ ಮೂಲ ನಿಯಮ. ಒಳ್ಳೆಯದೇ. ಆದರೆ ಸಾಲಿಗೆ ಎತ್ತರ ಸಿಕ್ಕಿತು ಅಂತ ಪೆಟ್ಟಿಗೆ ತಾನಾಗಿ ಹಿಗ್ಗುವುದಿಲ್ಲ. ಬೀಗ ತೆಗೆಯುವ ಕೆಲಸ ನಮ್ಮದೇ.

ಹಳದಿ ಕಪ್ಪು ಪಟ್ಟೆ

ಈಗ ನನ್ನ ತಪ್ಪಿನ ಕಡೆ ಬರುತ್ತೇನೆ.

ಫ್ಲಟರ್‌ನಲ್ಲಿ ಕೆಲಸ ಮಾಡುವಾಗ ಅಡ್ಡಸಾಲಿನಲ್ಲಿ ಇಟ್ಟ ವಸ್ತುಗಳಿಗೆ ಜಾಗ ಸಾಲದಿದ್ದರೆ ಪರದೆಯ ಅಂಚಿನಲ್ಲಿ ಹಳದಿ ಕಪ್ಪು ಓರೆ ಪಟ್ಟೆ ಬರುತ್ತದೆ. ರಸ್ತೆ ಅಗೆದ ಕಡೆ ಅಡ್ಡ ಇಡುವ ಬ್ಯಾರಿಕೇಡಿನ ಹಾಗೆ. 'ಇಲ್ಲಿ ಉಕ್ಕಿ ಹರಿಯುತ್ತಿದೆ, ನೋಡಿ' ಅನ್ನುವ ಎಚ್ಚರಿಕೆ ಅದು. ಈ ಪಟ್ಟೆ ಕಾಣುವುದು ಆ್ಯಪ್ ತಯಾರಾಗುವ ಹಂತದಲ್ಲಿ, ನಮ್ಮಂಥವರ ಫೋನಿನಲ್ಲಿ ಮಾತ್ರ. ಜನರ ಕೈಗೆ ಹೋದ ಆ್ಯಪ್‌ನಲ್ಲಿ ಪಟ್ಟೆ ಬರುವುದಿಲ್ಲ. ಅಲ್ಲಿ ಸುಮ್ಮನೆ ಅಕ್ಷರ ಕತ್ತರಿಸಿಹೋಗುತ್ತದೆ.

ಪಟ್ಟೆ ಹೋಗಲಾಡಿಸಲು ಸುಲಭದ ದಾರಿಯೊಂದಿದೆ. ಎರಡು ಸಾಲು ಕೋಡ್ ಬರೆದರೆ ಸಾಕು. ಜಾಗ ಇದ್ದಷ್ಟು ಮಾತು ತೋರಿಸು, ಉಳಿದದ್ದಕ್ಕೆ ಮೂರು ಚುಕ್ಕಿ ಹಾಕು. ಪಟ್ಟೆ ಮಾಯ. ನೋಡಲು ನೀಟು.

ಆ ಶನಿವಾರ ರಾತ್ರಿ ಅಮ್ಮನ ಫೋನಿಗೆ ನಮ್ಮ ಕಂಪನಿಯ ಆ್ಯಪ್ ಹಾಕಿದೆ. ಔಷಧಿ ತರಿಸಿಕೊಳ್ಳಲು, ಮಾತ್ರೆಯ ಹೊತ್ತು ನೆನಪಿಸಲು ಇರುವ ಆ್ಯಪ್ ಅದು. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ಬೆಳಗಿನ ಮಾತ್ರೆ ತಿಂಡಿಗೆ ಮುಂಚೆ ನುಂಗಬೇಕು. "ತಗೋ, ಇದರಲ್ಲಿ ನೆನಪಿಟ್ಕೊಳ್ಳೋದಕ್ಕೆ ಹಾಕು" ಅಂತ ಕೊಟ್ಟೆ, ಸ್ವಲ್ಪ ಹೆಮ್ಮೆಯಿಂದಲೇ.

ಅಮ್ಮ ಫೋನನ್ನು ಹತ್ತಿರ ತಂದಳು, ದೂರ ಹಿಡಿದಳು. "ಇದೂ ಹಂಗೇ ಇದ್ಯಲ್ಲೇ ಪುಟ್ಟಿ."

ಅಕ್ಕಪಕ್ಕ ಎರಡು ಬಟನ್. ಒಂದರ ಮೇಲೆ 'ಊಟ…'. ಇನ್ನೊಂದರ ಮೇಲೆ 'ಊಟ…'.

ಒಂದು 'ಊಟಕ್ಕೆ ಮುಂಚೆ', ಇನ್ನೊಂದು 'ಊಟದ ನಂತರ'. ಇಂಗ್ಲಿಷಿನಲ್ಲಿ 'ಬಿಫೋರ್ ಫುಡ್', 'ಆಫ್ಟರ್ ಫುಡ್', ಮೊದಲ ಮಾತೇ ಬೇರೆ. ಕನ್ನಡದಲ್ಲಿ ಮುಂಚೆಯೂ ನಂತರವೂ ಊಟ ಆದ ಮೇಲೆಯೇ ಬರುವುದು. ಬಸ್ಸಿನ ಟಿಕೆಟ್ ಹೋದರೆ ಇನ್ನೊಂದು ಬಸ್ಸಿದೆ. ಇದು ಮಾತ್ರೆ.

ಕೋಡ್‌ನಲ್ಲಿ ಯಾವ ಸಾಲನ್ನು ಯಾರು, ಯಾವತ್ತು ಬರೆದರು ಅಂತ ದಾಖಲೆ ಇರುತ್ತದೆ. ಲ್ಯಾಪ್‌ಟಾಪ್ ತೆಗೆದು ನೋಡಿದೆ. ಆ ಮೂರು ಚುಕ್ಕಿಯ ಸಾಲಿನ ಪಕ್ಕ ನನ್ನ ಹೆಸರಿತ್ತು. ಹದಿನಾಲ್ಕು ತಿಂಗಳ ಹಿಂದಿನ ತಾರೀಖು. ಅವತ್ತು ಪಟ್ಟೆ ಕಂಡು, ಮನೆಗೆ ಹೋಗುವ ಅವಸರದಲ್ಲಿ ಚುಕ್ಕಿ ಹಾಕಿ ಕೈ ತೊಳೆದುಕೊಂಡಿದ್ದೆ. ಆ ಹದಿನಾಲ್ಕು ತಿಂಗಳಲ್ಲಿ ಯಾರ ಮನೆಯ ಯಾವ ಹಿರಿಯರು 'ಊಟ…' ನೋಡಿ ಯಾವುದನ್ನು ಒತ್ತಿದರೋ. ಅದನ್ನು ತಿಳಿಯುವ ದಾರಿ ನನಗಿಲ್ಲ.

ಬಸ್ಸಿನ ಆ್ಯಪ್ ಮಾಡಿದವರನ್ನು ಆ ವಾರವೆಲ್ಲ ಮನಸ್ಸಿನಲ್ಲಿ ಬೈದಿದ್ದೆ. ಅವರೂ ನನ್ನ ಹಾಗೇ ಮನೆಗೆ ಹೋಗುವ ಅವಸರದಲ್ಲಿದ್ದಿರಬೇಕು.

ಬೂದು ಬಣ್ಣದ ಸೊಗಸು

ಸೋಮವಾರ ಆಫೀಸಿಗೆ ಹೋದವಳೇ ವಿನ್ಯಾಸ ಮಾಡುವ ಹುಡುಗಿಯ ಹತ್ತಿರ ಕೂತೆ. ಒಳ್ಳೆ ಕೈಚಳಕದವಳು. ಬಟನ್‌ಗಳನ್ನು ಪಕ್ಕಪಕ್ಕ ಬೇಡ, ಒಂದರ ಕೆಳಗೊಂದು ಇಡೋಣ ಅಂದೆ.

"ಅಕ್ಕ, ಸ್ಕ್ರೀನ್ ಭಾರ ಅನ್ಸುತ್ತೆ. ನೋಡೋಕೆ ಚೆನ್ನಾಗಿರಲ್ಲ" ಅಂದಳು.

ವಾದ ಮಾಡಲಿಲ್ಲ. ಒಂದು ಫೋನಿನಲ್ಲಿ ಭಾಷೆ ಕನ್ನಡ, ಅಕ್ಷರ ಅತಿ ದೊಡ್ಡದು ಮಾಡಿ ಅವಳ ಕೈಗಿಟ್ಟೆ. "ಊಟಕ್ಕೆ ಮುಂಚೆ ಒಂದು ಮಾತ್ರೆ ಅಂತ ಹಾಕು ನೋಡೋಣ." ಒಂದು ನಿಮಿಷ ನೋಡಿದಳು. ಬೆರಳು ಪರದೆಯ ಮೇಲೆ ಆ ಕಡೆ ಈ ಕಡೆ ಹೋಯಿತು, ಒತ್ತಲಿಲ್ಲ. "ನಮ್ಮಜ್ಜಿಗೂ ಇದೇ ಆ್ಯಪ್ ಹಾಕಿಕೊಟ್ಟಿದೀನಿ ಅಕ್ಕ" ಅಂದಳು.

ಅವತ್ತು ಶುರುವಾದ ಕೆಲಸ ಮೂರು ವಾರ ಹಿಡಿಯಿತು. ಮಾಡಿದ್ದು ದೊಡ್ಡ ವಿದ್ಯೆಯೇನಲ್ಲ. ಎತ್ತರ 40 ಅಂತ ಇದ್ದ ಕಡೆಯೆಲ್ಲ 'ಕನಿಷ್ಠ 48, ಬೇಕಾದರೆ ಹಿಗ್ಗು' ಅಂತ ಬದಲಾಯಿಸಿದೆವು. ಅಕ್ಕಪಕ್ಕ ಹಿಡಿಸದಿದ್ದರೆ ಬಟನ್‌ಗಳು ತಾವಾಗಿ ಒಂದರ ಕೆಳಗೊಂದು ಇಳಿಯುವಂತೆ ಮಾಡಿದೆವು. ಬಟನ್ ಮೇಲಿನ ಮಾತಿಗೆ ಮೂರು ಚುಕ್ಕಿ ಹಾಕುವುದನ್ನೇ ನಿಲ್ಲಿಸಿದೆವು. ಒಂದು ಸಾಲಿಗೆ ಹಿಡಿಸದಿದ್ದರೆ ಎರಡು ಸಾಲಾಗಲಿ, ಪುಟ ಉದ್ದವಾದರೆ ಆಗಲಿ, ಬೆರಳಿನಲ್ಲಿ ಮೇಲೆ ಸರಿಸಿದರಾಯಿತು.

ಮಾತುಗಳನ್ನೂ ತಿದ್ದಿದೆವು. ತೀರ್ಮಾನದ ಮಾತು ಮೊದಲು ಬರಬೇಕು. ಹಾಗಾಗಿ 'ಊಟಕ್ಕೆ ಮುಂಚೆ', 'ಊಟದ ನಂತರ' ಹೋಗಿ, ದಪ್ಪ ಅಕ್ಷರದಲ್ಲಿ 'ಮುಂಚೆ', 'ನಂತರ' ಬಂದವು. 'ಊಟ' ಅನ್ನುವುದು ಎರಡಕ್ಕೂ ಸೇರಿ ಮೇಲಿನ ತಲೆಬರಹವಾಯಿತು. ಆರ್ಡರ್ ರದ್ದು ಮಾಡುವ ಕಡೆ 'ಹೌದು', 'ಇಲ್ಲ' ತೆಗೆದೆವು. ಹೌದು ಅಂದರೆ ಯಾವುದಕ್ಕೆ ಹೌದು? ಅದರ ಬದಲು 'ರದ್ದು ಮಾಡಿ' ಮತ್ತು 'ಇರಲಿ'. ಪ್ರಶ್ನೆ ಓದದೆ ಬರೀ ಬಟನ್ ನೋಡಿದವರಿಗೂ ತಿಳಿಯುತ್ತದೆ. 'ಇರಲಿ' ಅನ್ನುವ ಮಾತು ಇಂಗ್ಲಿಷಿನಲ್ಲಿ ಇಷ್ಟು ಚಿಕ್ಕದಾಗಿ ಹೇಳಲು ಬರುವುದಿಲ್ಲ ನೋಡಿ. ಗಾಢ ಬಣ್ಣವನ್ನೂ 'ಇರಲಿ'ಗೇ ಕೊಟ್ಟೆವು. ಅರೆಮನಸ್ಸಿನಲ್ಲಿ ಒತ್ತಿದವರು ಏನನ್ನೂ ಕಳಕೊಳ್ಳಬಾರದು.

ಜಗಳ ಆಗಿದ್ದು ಬಣ್ಣದ ವಿಷಯಕ್ಕೆ. ಬಿಳಿಯ ಮೇಲೆ ತೆಳು ಬೂದು ಅಕ್ಷರ ಬರೆಯುವುದು ಈಗಿನ ಫ್ಯಾಷನ್. ನೋಡಲು ಹಗುರ ಅನಿಸುತ್ತದೆ. ಅದಕ್ಕೂ ಅಳತೆ ಇದೆ. ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2008ರಲ್ಲಿ ಹೊರತಂದ ನಿಯಮಾವಳಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ವ್ಯತ್ಯಾಸ ಇರಬೇಕು. ದೊಡ್ಡ ಅಕ್ಷರಕ್ಕಾದರೆ 3ಕ್ಕೆ 1 ಸಾಕು. ಬಿಳಿ ಮೇಲೆ ಅಚ್ಚ ಕಪ್ಪಿಗೆ 21ಕ್ಕೆ 1. ವೆಬ್‌ಸೈಟಿಗೆ ಅಂತ ಬಂದ ಈ ಅಳತೆಯನ್ನು ಆ್ಯಪ್‌ನವರೂ ಪಾಲಿಸುತ್ತಾರೆ, ಪಾಲಿಸಬೇಕು. ನಮ್ಮ ಆ್ಯಪ್‌ನ ಬೂದು ಬಣ್ಣ ಅಳೆದರೆ 3ನ್ನೂ ಮುಟ್ಟಿರಲಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ, ಮಸುಕು ಬಣ್ಣಗಳು ಹಿನ್ನೆಲೆಯಲ್ಲಿ ಕರಗಿಹೋಗುತ್ತವೆ. ಅಂಗಳದ ಬಿಸಿಲಲ್ಲಿ ನಿಂತು ನೋಡಿದರೆ ಎಳೆಗಣ್ಣಿಗೂ ಅಷ್ಟೇ.

ಚಿತ್ರಗಳದ್ದೂ ಒಂದು ಮಾತು ಹೇಳಿಬಿಡುತ್ತೇನೆ. ಮೂಲೆಯಲ್ಲಿ ಮೂರು ಅಡ್ಡ ಗೆರೆ ಇರುತ್ತದಲ್ಲ, ನಾವದಕ್ಕೆ ಮೆನು ಅನ್ನುತ್ತೇವೆ. ಅಮ್ಮನಿಗೆ ಅದು 'ವಿಭೂತಿ'. "ವಿಭೂತಿ ಒತ್ತಿದ್ರೆ ಎಂತ ಬರ್ತದೆ?" ಅಂತ ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆ. ಈಗ ನಮ್ಮ ಆ್ಯಪ್‌ನಲ್ಲಿ ಪ್ರತಿ ಚಿತ್ರದ ಕೆಳಗೆ ಹೆಸರು ಬರೆದಿದ್ದೇವೆ.

ಇನ್ನೊಂದು ನಿಯಮ ಹಾಕಿಕೊಂಡಿದ್ದೇವೆ. ಹೊಸ ಪುಟ ಯಾವುದೇ ಇರಲಿ, ಮೊದಲು ನೋಡುವುದು ಕನ್ನಡದಲ್ಲಿ, ಅತಿ ದೊಡ್ಡ ಅಕ್ಷರದಲ್ಲಿ, ಚಿಕ್ಕ ಪರದೆಯ ಫೋನಿನಲ್ಲಿ. ಅಲ್ಲಿ ಸರಿಯಾಗಿ ಕೂತದ್ದು ಇಂಗ್ಲಿಷಿನಲ್ಲಿ ತಾನಾಗಿ ಕೂರುತ್ತದೆ. ತಿರುಗಾ ಮುರುಗಾ ಮಾಡಿದರೆ ಆಗುವುದಿಲ್ಲ.

ಮನೆಯಲ್ಲಿ ನೀವೇ ಮಾಡಬಹುದಾದ್ದು

ಆ್ಯಪ್‌ಗಳೆಲ್ಲ ಸರಿಹೋಗುವವರೆಗೆ ಕಾಯಬೇಕಾಗಿಲ್ಲ. ಅಪ್ಪ, ಅಮ್ಮ, ಅತ್ತೆ, ಮಾವನ ಫೋನಿಗೆ ನೀವು ಮಾಡಿಕೊಡಬಹುದಾದ ಕೆಲವು ಸಂಗತಿ ಇಲ್ಲಿವೆ.

• ಬಟನ್ ಮೇಲೆ ಮೂರು ಚುಕ್ಕಿ ಕಂಡರೆ ಒತ್ತಬೇಡಿ ಅಂತ ಹೇಳಿಕೊಡಿ. ಫೋನನ್ನು ಅಡ್ಡ ತಿರುಗಿಸಿದರೆ ಎಷ್ಟೋ ಆ್ಯಪ್‌ಗಳಲ್ಲಿ ಅಗಲ ಸಿಕ್ಕಿ ಪೂರ್ತಿ ಮಾತು ಕಾಣುತ್ತದೆ.

• ಅಡ್ಡ ತಿರುಗಿಸಿದರೂ ಕಾಣದಿದ್ದರೆ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗಕ್ಕೆ ಹೋಗಿ ಅಕ್ಷರದ ಗಾತ್ರ ಒಂದು ಹಂತ ಇಳಿಸಿ ನೋಡಿ. ಓದಿ ಆದ ಮೇಲೆ ಮತ್ತೆ ಏರಿಸಬಹುದು. ದುಡ್ಡಿನ, ಔಷಧಿಯ ವಿಷಯದಲ್ಲಿ ಈ ಒಂದು ನಿಮಿಷ ದುಬಾರಿಯಲ್ಲ.

• ಅತಿ ದೊಡ್ಡ ಅಕ್ಷರಕ್ಕಿಂತ ಮಧ್ಯಮ ಗಾತ್ರ ಇಟ್ಟು, ದಪ್ಪ ಅಕ್ಷರದ ಆಯ್ಕೆ ಹಾಕಿದರೆ ಕೆಲವರಿಗೆ ಹೆಚ್ಚು ಅನುಕೂಲ. ಆಕ್ಸೆಸಿಬಿಲಿಟಿ ಅನ್ನುವ ವಿಭಾಗದಲ್ಲಿ ಅಕ್ಷರದ ಗಾಢತೆ ಹೆಚ್ಚಿಸುವ, ಪರದೆಯನ್ನು ಭೂತಗನ್ನಡಿಯಂತೆ ಹಿಗ್ಗಿಸಿ ನೋಡುವ ಆಯ್ಕೆಗಳೂ ಇವೆ. ಕೂತು ಒಂದೊಂದೇ ಪ್ರಯತ್ನಿಸಿ, ಯಾವುದು ಹಿತ ಅಂತ ಅವರನ್ನೇ ಕೇಳಿ.

• ಹೊಸ ಆ್ಯಪ್ ಹಾಕಿಕೊಟ್ಟಾಗ ಅವರ ಫೋನಿನಲ್ಲೇ, ಅವರ ಸೆಟ್ಟಿಂಗ್ಸ್‌ನಲ್ಲೇ ತೋರಿಸಿ. ನಿಮ್ಮ ಫೋನಿನಲ್ಲಿ ತೋರಿಸಿದ್ದು ಅವರದರಲ್ಲಿ ಬೇರೆಯೇ ಕಾಣುತ್ತಿರಬಹುದು. ಐದು ನಿಮಿಷ ಬಾಯಿ ಮುಚ್ಚಿಕೊಂಡು, ಅವರು ಎಲ್ಲಿ ತಡವರಿಸುತ್ತಾರೆ ನೋಡಿ.

• ಕತ್ತರಿಸಿಹೋದ ಪುಟ ಕಂಡರೆ ಸ್ಕ್ರೀನ್‌ಶಾಟ್ ತೆಗೆದು ಆ್ಯಪ್‌ನವರ ಸಹಾಯವಾಣಿಯ ಇಮೇಲ್‌ಗೆ ಕಳಿಸಿ. ಖಾತೆ ಸಂಖ್ಯೆ, ಫೋನ್ ನಂಬರ್ ಮುಚ್ಚುವುದು ಮರೆಯಬೇಡಿ. ಯಾರು ಓದ್ತಾರೆ ಬಿಡಿ ಅನ್ನಬೇಡಿ. ಓದುವ ಕಡೆ ಕೂತವಳಾಗಿ ಹೇಳುತ್ತಿದ್ದೇನೆ, ಚಿತ್ರ ಸಮೇತ ಬಂದ ದೂರನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಲು ಬರುವುದಿಲ್ಲ.

• ಕಡೆಯದಾಗಿ, "ಏನೋ ಒತ್ತಿರ್ತೀಯ" ಅನ್ನುವ ಮೊದಲು ಅವರ ಪರದೆ ಒಮ್ಮೆ ನೋಡಿ.

ಹುಟ್ಟುಹಬ್ಬ ಮುಗಿದು ವಾರದ ಮೇಲೆ ಅಮ್ಮ ನನ್ನ ಜೊತೆ ಬೆಂಗಳೂರಿಗೆ ಬಂದಳು. ಟಿಕೆಟ್ ದುಡ್ಡಿನಲ್ಲಿ ಒಂದಿಷ್ಟು ಕಡಿದುಕೊಂಡು ಉಳಿದದ್ದು ವಾಪಸ್ ಬಂತು. ಹಪ್ಪಳಕ್ಕೆ ಏನೂ ಆಗಿರಲಿಲ್ಲ. ರೇಗಿದ್ದಕ್ಕೆ ಕ್ಷಮೆ ಕೇಳಿದೆ. "ಅದೆಲ್ಲ ಎಂತಕ್ಕೆ ಈಗ" ಅಂದಳು.

ನಮ್ಮ ಆ್ಯಪ್‌ನ ಹೊಸ ಆವೃತ್ತಿ ಹೊರಬಂದ ದಿನ ಅವಳ ಫೋನಿಗೆ ಹಾಕಿ ಕೊಟ್ಟೆ. ಕನ್ನಡಕ ಏರಿಸಿಕೊಂಡು, ಬೆರಳಿಟ್ಟು, ಒಂದನೇ ಕ್ಲಾಸಿನ ಮಕ್ಕಳ ಹಾಗೆ ಗಟ್ಟಿಯಾಗಿ ಓದಿದಳು. "ಊಟ. ಮುಂಚೆ. ನಂತರ." 'ಮುಂಚೆ' ಒತ್ತಿದಳು. ಬೆಳಗ್ಗೆ ಏಳೂವರೆಗೆ ನೆನಪಿಸು ಅಂತ ತಾನೇ ಹಾಕಿಕೊಂಡಳು. ನನ್ನ ಕಡೆ ನೋಡಲೂ ಇಲ್ಲ.

ಆಮೇಲೆ ಪುಟದ ತುದಿಗೆ ಹೋಗಿ ನಿಂತಳು. "ಇಲ್ಲಿ ಎಂತದೋ ಬರ್ದಿದ್ಯಲ್ಲೇ, ಬೂದಿ ಬಣ್ಣದಾಗೆ. ಓದೋಕೇ ಬರೂದಿಲ್ಲ."

ಮಾತ್ರೆಯ ಅವಧಿ ಮುಗಿಯುವ ತಾರೀಖು ಅದು. ಎಲ್ಲ ತಿದ್ದಿದ್ದೇವೆ ಅಂದುಕೊಂಡಿದ್ದೆವು, ಅದೊಂದು ಉಳಿದುಹೋಗಿತ್ತು. ಸ್ಕ್ರೀನ್‌ಶಾಟ್ ತೆಗೆದುಕೊಂಡೆ. ಸೋಮವಾರದ ಪಟ್ಟಿಯಲ್ಲಿ ಮೊದಲನೆಯದು ಅದೇ.